ಮೈಸೂರು ಅರಮನೆ ಲೈಟಿಂಗ್ ಫೋಟೋ, ವಿಡಿಯೋ ಯಾಕ್ ಕೆಡುತ್ತೆ, ಹೆಂಗ್ ತೆಗೀಬೇಕು: ಮೊದಲಿಂದ ಕೊನೇವರೆಗೂ

ಭಾನುವಾರದ ಲೈಟಿಂಗ್ ಮುಗಿದು ಸೋಮವಾರ ಬೆಳಿಗ್ಗೆ ಆದ್ರೆ ಸಾಕು, ಯಾರಾದ್ರೂ ಒಬ್ರು ವಾಟ್ಸಾಪಲ್ಲಿ ಅರಮನೆ ಫೋಟೋ ಕಳಿಸಿ "ಸಾರ್, ಇದ್ಯಾಕ್ ಹಿಂಗ್ ಬಂತು" ಅಂತ ಕೇಳ್ತಾರೆ. ನೋಡಿದ್ರೆ ಎಲ್ಲಾದ್ರಲ್ಲೂ ಒಂದೇ ಕಥೆ. ಮೇಲೆ ಮಸಿ ಬಳಿದಂಗೆ ಆಕಾಶ, ಮಧ್ಯದಲ್ಲಿ ಒಂದು ಹಳದಿ ಮುದ್ದೆ, ಕೆಳಗಡೆ ಫ್ಲ್ಯಾಶ್ ಬಿದ್ದಿರೋ ನಾಲ್ಕು ಜನರ ತಲೆ. ವಿಡಿಯೋ ಆದ್ರೆ ಇನ್ನೂ ಕಷ್ಟ, ಲೈಟ್ ಹತ್ತಿದ ತಕ್ಷಣ ಸ್ಕ್ರೀನ್ ಪೂರ್ತಿ ಬೆಳ್ಳಗಾಗಿ, ಆಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಮಂಕಾಗಿ, ಅಷ್ಟ್ರಲ್ಲಿ ಜನ "ಓ" ಅಂದಿದ್ದೂ ಮುಗಿದಿರುತ್ತೆ.

ಫೋನ್ ಸರಿ ಇಲ್ಲ, ಹೊಸದು ತಗೋಬೇಕು ಅಂತ ಎಲ್ರೂ ಅಂದ್ಕೋತಾರೆ. ಅಲ್ಲ ಕಣ್ರೀ. ಐದಾರು ವರ್ಷ ಹಳೇ ಫೋನಲ್ಲೂ ಇದು ಚೆನ್ನಾಗ್ ಬರುತ್ತೆ. ಕೆಡೋದು ಎರಡೇ ಕಾರಣಕ್ಕೆ. ತಪ್ಪು ಹೊತ್ತಿಗೆ ಹೋಗಿರ್ತೀರ, ಇಲ್ಲಾ ಎಷ್ಟು ಬೆಳಕು ಬೇಕು ಅನ್ನೋ ತೀರ್ಮಾನಾನ ಫೋನಿಗೇ ಬಿಟ್ಟಿರ್ತೀರ.

ಮುಂದೆ ಹೋಗೋಕ್ ಮುಂಚೆ ಒಂದು ಪರೀಕ್ಷೆ ನೆನಪಿಟ್ಕೊಳ್ಳಿ, ಈ ಬರಹದಲ್ಲಿ ಪದೇ ಪದೇ ಬರುತ್ತೆ. ಅರಮನೆ ಮೇಲೆ ಹತ್ರ ಹತ್ರ ಒಂದು ಲಕ್ಷ ಬಲ್ಬಿದೆ. ತೆಗೆದ ಫೋಟೋನ ಪೂರ್ತಿ ಝೂಮ್ ಮಾಡಿ, ಮಧ್ಯದ ದೊಡ್ಡ ಗೋಪುರದ ಅಂಚು ನೋಡಿ. ಒಂದೊಂದು ಬಲ್ಬೂ ಬೇರೆ ಬೇರೆ ಚುಕ್ಕಿಯಾಗಿ ಕಂಡ್ರೆ ಸರಿಯಾಗಿದೆ. ಚುಕ್ಕಿಗಳೆಲ್ಲ ಒಂದಕ್ಕೊಂದು ಅಂಟಿ ದಪ್ಪ ಗೆರೆ ಆಗಿದ್ರೆ ಬೆಳಕು ಜಾಸ್ತಿ ಆಗಿದೆ ಅಂತ, ಅದನ್ನ ಆಮೇಲೆ ಯಾವ ಆಪಲ್ಲೂ ಸರಿ ಮಾಡೋಕಾಗಲ್ಲ. ಬಲ್ಬು ಬಲ್ಬಾಗೇ ಕಾಣ್ಬೇಕು, ಅಷ್ಟೇ.

ಏನೇನ್ ಬೇಕು

ಫೋನ್ ಇದ್ರೆ ಫೋನ್, ಕ್ಯಾಮೆರಾ ಇದ್ರೆ ಕ್ಯಾಮೆರಾ. ಅದರ ಜೊತೆಗೆ:

- ಮೆತ್ತಗಿರೋ ಕಾಟನ್ ಬಟ್ಟೆ. ಲೆನ್ಸ್ ಒರೆಸೋಕೆ. ಇದು ಪಟ್ಟೀಲಿ ಸುಮ್ನೆ ಬಂದಿಲ್ಲ, ಕೆಳಗೆ ಹೇಳ್ತೀನಿ.
- ಸಣ್ಣ ಟ್ರೈಪಾಡ್, ಜೊತೆಗೆ ಫೋನ್ ಹಿಡಿಯೋ ಕ್ಲಿಪ್. ಟ್ರೈಪಾಡ್ ಒಳಗೆ ಬಿಡೋದು ಬಿಡದೇ ಇರೋದು ಅವತ್ತು ಗೇಟಲ್ಲಿ ಇರೋರ ಮೇಲೆ. ದೊಡ್ಡದು ಹೊತ್ಕೊಂಡ್ ಹೋಗಿ ವಾದ ಮಾಡ್ತಾ ನಿಂತ್ಕೊಬೇಡಿ, ಚಿಕ್ಕದು ಬ್ಯಾಗಲ್ಲಿರ್ಲಿ, ಬಿಡ್ಲಿಲ್ಲ ಅಂದ್ರೆ ಬ್ಯಾಗನ್ನೇ ಕಟ್ಟೆ ಮೇಲಿಟ್ಟು ಅದಕ್ಕೆ ಫೋನ್ ಒರಗಿಸಬಹುದು.
- ಪವರ್ ಬ್ಯಾಂಕ್, ಮತ್ತೆ ಫೋನಲ್ಲಿ ಜಾಗ. 4ಕೆ ವಿಡಿಯೋ ನಿಮಿಷಕ್ಕೆ ಸುಮಾರು 170ರಿಂದ 400 ಎಂಬಿವರೆಗೂ ತಿನ್ನುತ್ತೆ. ಹೋಗೋ ದಿನ ಬೆಳಿಗ್ಗೇನೇ ಹಳೇ ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳನ್ನೆಲ್ಲ ಅಳಿಸಿ.
- ಮಳೆಗಾಲ ಆದ್ರೆ ಒಂದು ಛತ್ರಿ, ಅದನ್ನ ಹಿಡಿಯೋಕೆ ಜೊತೇಲಿ ಒಬ್ರು.

ಡ್ರೋನ್ ಬೇಡ. ಅರಮನೆ ಸುತ್ತ ಅನುಮತಿ ಇಲ್ದೆ ಹಾರಿಸಿದ್ರೆ ಡ್ರೋನೂ ಹೋಗುತ್ತೆ, ನೀವೂ ಸ್ಟೇಷನ್‌ಗೆ ಹೋಗ್ತೀರ.

1. ತಿಂಗಳು ಮತ್ತೆ ಹೊತ್ತು ಆರಿಸ್ಕೊಳ್ಳಿ

ಎಲ್ರೂ ಹಾರಿಸೋ ಹಂತ ಇದು, ಅರ್ಧಕ್ಕರ್ಧ ಫೋಟೋ ಕೆಡೋದೂ ಇಲ್ಲೇ.

ಮಾಮೂಲಿ ದಿನಗಳಲ್ಲಿ ಭಾನುವಾರ ಮತ್ತೆ ಸರ್ಕಾರಿ ರಜಾ ದಿನ ಸಂಜೆ ಏಳರ ಸುಮಾರಿಗೆ ಲೈಟ್ ಹಾಕ್ತಾರೆ, ದಸರಾ ಟೈಮಲ್ಲಿ ದಿನಾ ಇರುತ್ತೆ. ಸಮಯ ಆಗಾಗ ಹಿಂದೆ ಮುಂದೆ ಆಗುತ್ತೆ, ರಾಜ್ಯದಲ್ಲಿ ಶೋಕಾಚರಣೆ ಇದ್ರೆ ಹಾಕೋದೇ ಇಲ್ಲ, ಅದಕ್ಕೆ ಹೊರಡೋ ದಿನ ಒಂದ್ಸಲ ವಿಚಾರಿಸ್ಕೊಂಡೇ ಹೋಗಿ. ಮಂಡ್ಯದಿಂದ ಬರೋರಂತೂ 45 ಕಿಲೋಮೀಟರ್ ಬಂದು ಕತ್ತಲೆ ಅರಮನೆ ನೋಡ್ಕೊಂಡ್ ಹೋಗೋ ಹಾಗಾಗಬಾರದು.

ಈಗ ಮುಖ್ಯ ವಿಷಯ. ಲೈಟ್ ಹತ್ತೋದು ಗಡಿಯಾರ ನೋಡ್ಕೊಂಡು, ಸೂರ್ಯ ಮುಳುಗೋದು ತಿಂಗಳು ನೋಡ್ಕೊಂಡು. ಜೂನ್ ಕೊನೆ, ಜುಲೈ ಮೊದಲಲ್ಲಿ ಮೈಸೂರಲ್ಲಿ ಸೂರ್ಯ ಮುಳುಗೋದು ಹೆಚ್ಚುಕಮ್ಮಿ 6:50ಕ್ಕೆ. ನವೆಂಬರ್ ಮಧ್ಯದಲ್ಲಿ 5:50ರ ಆಸುಪಾಸಿಗೇ ಮುಳುಗಿರ್ತಾನೆ. ಅಂದ್ರೆ ನವೆಂಬರಲ್ಲಿ ಏಳಕ್ಕೆ ಲೈಟ್ ಹತ್ತೋ ಹೊತ್ತಿಗೆ ಕತ್ತಲಾಗಿ ಎಷ್ಟೋ ಹೊತ್ತಾಗಿರುತ್ತೆ, ಆಕಾಶ ಪೂರ್ತಿ ಕಪ್ಪು. ಜೂನಲ್ಲಿ ಅದೇ ಏಳಕ್ಕೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತೆ. ಅದೂ ಅಲ್ದೆ ಅರಮನೆ ಪೂರ್ವಕ್ಕೆ ಮುಖ ಮಾಡಿದೆ, ನೀವು ಮುಂದುಗಡೆ ನಿಂತ್ರೆ ನೋಡ್ತಿರೋದು ಪಶ್ಚಿಮದ ಕಡೆ, ಸೂರ್ಯ ಮುಳುಗಿದ ಬೆಳಕೆಲ್ಲ ಗೋಪುರದ ಹಿಂದೇನೇ ಉಳ್ಕೊಂಡಿರುತ್ತೆ. ಇಷ್ಟು ಅನುಕೂಲ ಪುಕ್ಕಟೆ ಸಿಗ್ತಿರೋವಾಗ ಜನ ನವೆಂಬರ್, ಡಿಸೆಂಬರಲ್ಲೇ ಯಾಕ್ ಮುಗಿಬೀಳ್ತಾರೋ ನಂಗಂತೂ ಅರ್ಥ ಆಗಲ್ಲ, ಟೂರಿಸ್ಟ್ ಸೀಸನ್ ಅಂತ ಇರ್ಬೇಕು.

ನನ್ನ ಲೆಕ್ಕ ಹೀಗೆ:

ಮೇಯಿಂದ ಆಗಸ್ಟ್ ಎಲ್ಲಕ್ಕಿಂತ ಒಳ್ಳೇದು. ಲೈಟ್ ಹತ್ತಿದ ತಕ್ಷಣ ಬಲ್ಬು ಸ್ವಲ್ಪ ಪೇಲವ ಅನ್ಸುತ್ತೆ, ಗಾಬರಿ ಬೇಡ, 7:10ರಿಂದ 7:20ರ ಒಳಗೆ ಆಕಾಶದ ನೀಲಿ ಮತ್ತೆ ಬಲ್ಬಿನ ಹಳದಿ ಸಮ ಸಮ ಆಗುತ್ತೆ. ಮೋಡ ಇದ್ರೆ ಇನ್ನೂ ಚೆನ್ನ, ಮಳೆ ನಿಂತ ಮೇಲೆ ನೆಲ ಒದ್ದೆ ಇದ್ರಂತೂ ಕೇಳ್ಬೇಡಿ, ಪೂರ್ತಿ ಅರಮನೆ ನೆಲದಲ್ಲೂ ಕಾಣುತ್ತೆ.

ಫೆಬ್ರವರಿಯಿಂದ ಏಪ್ರಿಲ್ ಪರವಾಗಿಲ್ಲ. ಸೂರ್ಯ 6:30ರ ಹತ್ರ ಮುಳುಗ್ತಾನೆ, ಏಳಕ್ಕೆ ಕಡು ನೀಲಿ ಒಂದು ಐದು ನಿಮಿಷ ಮಾತ್ರ ಸಿಗುತ್ತೆ, ಅಷ್ಟ್ರಲ್ಲೇ ತೆಗೀಬೇಕು.

ಅಕ್ಟೋಬರಿಂದ ಜನವರಿ ಕಷ್ಟ. ನೀಲಿ ಆಕಾಶದ ಆಸೆ ಬಿಟ್ಟು, ಕಪ್ಪು ಆಕಾಶ ಕಮ್ಮಿ ಕಾಣೋ ಹಾಗೆ ಫ್ರೇಮ್ ಮಾಡಿ. ಹತ್ರ ಹೋಗಿ ಬರೀ ಕಮಾನುಗಳು, ಬರೀ ಗೋಪುರ, ಹೀಗೆ. ಕೆಲವ್ರು ಟ್ರೈಪಾಡ್ ಅಲುಗಾಡಿಸ್ದೆ ಆರು ಗಂಟೆಗೊಂದು, ಏಳಕ್ಕೊಂದು ತೆಗೆದು ಎರಡನ್ನೂ ಸೇರಿಸ್ತಾರೆ, ಮಾಡಬಹುದು, ನಂಗೆ ಅದು ಅಷ್ಟಾಗಿ ಹಿಡಿಸಲ್ಲ.

2. ಮನೇಲಿ ಒಂದ್ಸಲ ರಿಹರ್ಸಲ್

ಅರಮನೆ ಮುಂದೆ ನಿಂತು "ಪ್ರೋ ಮೋಡ್ (ಸೆಟ್ಟಿಂಗ್ ನಾವೇ ಕೈಯಾರೆ ಇಡೋ ಮೋಡ್) ಎಲ್ಲಿದೆ" ಅಂತ ಹುಡುಕ್ತಾ ಕೂತ್ರೆ ನೀಲಿ ಆಕಾಶ ಕಾಯಲ್ಲ. ಹಬ್ಬಕ್ಕೆ ತಂದಿದ್ದ ಸೀರಿಯಲ್ ಸೆಟ್ ಇರುತ್ತಲ್ಲ, ಅದನ್ನ ಬಾಲ್ಕನಿಗೋ ಕಾಂಪೌಂಡಿಗೋ ಹಾಕಿ, ಮಿಣುಕ್ ಮಿಣುಕ್ ನಿಲ್ಲಿಸಿ, ಸಂಜೆ ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಶುರು ಮಾಡಿ, ಅರ್ಧ ಗಂಟೆ ತನಕ ಐದೈದು ನಿಮಿಷಕ್ಕೊಂದು ಫೋಟೋ ತೆಗೀತಾ ಹೋಗಿ. ಆಕಾಶ ಯಾವಾಗ ಚೆನ್ನಾಗಿತ್ತು, ಯಾವಾಗ ಸತ್ತೋಯ್ತು ಅನ್ನೋದು ಕಣ್ಣಿಗೇ ಗೊತ್ತಾಗುತ್ತೆ. ಜೊತೆಗೆ ಈ ಮೂರು ಕೆಲಸ ಕೈಗೆ ಅಭ್ಯಾಸ ಆಗ್ಬೇಕು: ಎಕ್ಸ್‌ಪೋಷರ್ (ಫೋಟೋಗೆ ಎಷ್ಟು ಬೆಳಕು ಅನ್ನೋದು) ಲಾಕ್ ಮಾಡೋದು, ಅದನ್ನ ಕೆಳಗೆ ಎಳೆಯೋದು, ಫ್ಲ್ಯಾಶ್ ಆಫ್ ಮಾಡೋದು.

ಐಫೋನಲ್ಲಿ ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದ್ರೆ ಲಾಕ್ ಅಂತ ಹಳದಿ ಅಕ್ಷರ ಬರುತ್ತೆ, ಪಕ್ಕದಲ್ಲಿ ಪುಟ್ಟ ಸೂರ್ಯ ಬರುತ್ತೆ, ಅದನ್ನ ಕೆಳಗೆ ಎಳೆದ್ರೆ ಕತ್ತಲಾಗುತ್ತೆ. ಆಂಡ್ರಾಯ್ಡಲ್ಲೂ ಸುಮಾರು ಎಲ್ಲಾದ್ರಲ್ಲೂ ಇದೇ ಥರ. ಇನ್ನೂ ಹಿಡಿತ ಬೇಕು ಅಂದ್ರೆ ಓಪನ್ ಕ್ಯಾಮೆರಾ ಅಂತ ಪುಕ್ಕಟೆ ಆಂಡ್ರಾಯ್ಡ್ ಆಪ್ ಇದೆ, ವಿಡಿಯೋಗೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಇದೆ, ಅದೂ ಪುಕ್ಕಟೆ, ಐಫೋನಿಗೂ ಇದೆ, ಆಂಡ್ರಾಯ್ಡಲ್ಲಿ ಕೆಲವು ಫೋನಿಗೆ ಮಾತ್ರ.

3. ಜಾಗ ಹಿಡ್ಕೊಳ್ಳಿ

ಲೈಟ್ ಏಳಕ್ಕೆ ಅಂದ್ರೆ ನೀವು ಆರಕ್ಕೇ ಅಲ್ಲಿರ್ಬೇಕು. ಭಾನುವಾರ ಸಂಜೆ ಗಾಡಿ ನಿಲ್ಲಿಸೋ ಕಷ್ಟ ಮೈಸೂರಿನವ್ರಿಗೆ ಹೇಳ್ಬೇಕಾಗಿಲ್ಲ.

ಅರಮನೆ ಮುಂಭಾಗದ ಅಗಲ ಸುಮಾರು 245 ಅಡಿ. ಫೋನಿನ ಮಾಮೂಲಿ 1ಎಕ್ಸ್ ಲೆನ್ಸಲ್ಲಿ ಅಡ್ಡಲಾಗಿ ಹಿಡಿದು, ಅಕ್ಕಪಕ್ಕ ಸ್ವಲ್ಪ ಜಾಗ ಬಿಟ್ಟು ಇದು ಪೂರ್ತಿ ಬರ್ಬೇಕು ಅಂದ್ರೆ 220ರಿಂದ 250 ಅಡಿ ಹಿಂದೆ ನಿಲ್ಬೇಕಾಗುತ್ತೆ. ಜನ ಏನ್ ಮಾಡ್ತಾರೆ, ಸೀದಾ ಹತ್ರಕ್ಕೆ ಓಡೋಗಿ, ಪೂರ್ತಿ ಹಿಡಿಸಲ್ಲ ಅಂತ 0.5ಕ್ಕೆ ಹೋಗ್ತಾರೆ. ಆ ಅಗಲದ ಲೆನ್ಸ್ ಹಿಂದೆ ಇರೋ ಸೆನ್ಸರ್ ಸಾಮಾನ್ಯವಾಗಿ ಚಿಕ್ಕದು, ಕತ್ತಲಲ್ಲಿ ಮರಳು ಮರಳಾಗಿ ಬರುತ್ತೆ, ಮೇಲಿಂದ ಫೋನನ್ನ ಆಕಾಶಕ್ಕೆ ಬಗ್ಗಿಸಿದ್ರೆ ಎರಡು ಕಡೆ ಗೋಪುರಾನೂ ಒಳಕ್ಕೆ ವಾಲ್ಕೊಂಡು ಬಿದ್ದೋಗೋ ಹಾಗೆ ಕಾಣುತ್ತೆ. ಹಿಂದಕ್ಕೆ ಹೋಗಿ, 1ಎಕ್ಸಲ್ಲೇ ತೆಗೀರಿ, ಫೋನ್ ನೆಟ್ಟಗೆ ಹಿಡೀರಿ. ಸೆಟ್ಟಿಂಗ್ಸಲ್ಲಿ ಗ್ರಿಡ್ ಆನ್ ಮಾಡಿ, ನಡುವಿನ ದೊಡ್ಡ ಗೋಪುರ, ಅದರ ಕೆಳಗಿನ ಕಮಾನು ಎರಡೂ ಒಂದೇ ಗೆರೆ ಮೇಲೆ ಬಂದ್ರೆ ನೀವು ಸರಿಯಾಗಿ ಮಧ್ಯದಲ್ಲಿ ನಿಂತಿದೀರ ಅಂತ. ಅರ್ಧ ಹೆಜ್ಜೆ ಆಚೆ ಈಚೆ ಆದ್ರೂ ಗೊತ್ತಾಗುತ್ತೆ, ಅದಕ್ಕೇ ಬೆಳಕಿರೋವಾಗ್ಲೇ ನೋಡ್ಕೊಳ್ಳಿ.

ಮಧ್ಯದಲ್ಲಿ ಜಾಗ ಸಿಗ್ಲಿಲ್ವಾ, ಬೇಜಾರ್ ಮಾಡ್ಕೋಬೇಡಿ, ಮಧ್ಯದ ಫೋಟೋ ಊರಿಗೆಲ್ಲ ಇದೆ. ಪೂರ್ವದ ಜಯಮಾರ್ತಾಂಡ ದ್ವಾರದ ಕಮಾನನ್ನೇ ಚೌಕಟ್ಟು ಮಾಡ್ಕೊಂಡು ಒಳಗಡೆ ಅರಮನೆ ಕಾಣೋ ಹಾಗೆ ತೆಗೀಬಹುದು. ವರಾಹ ದ್ವಾರದ ಕಡೆ ಶ್ವೇತವರಾಹಸ್ವಾಮಿ ದೇವಸ್ಥಾನದ ಗೋಪುರ ಇದೆ, ಅದನ್ನ ಒಂದು ಪಕ್ಕಕ್ಕೆ ಇಟ್ಕೊಂಡು ಓರೆಯಿಂದ ತೆಗೆದ್ರೆ ಆಳ ಬರುತ್ತೆ. ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟಿಂದ ತೆಗೀತೀನಿ ಅನ್ನೋರಿಗೆ ಮಾತ್ರ ಉದ್ದದ ಟೆಲಿ ಲೆನ್ಸ್, ಗಟ್ಟಿ ಟ್ರೈಪಾಡ್ ಎರಡೂ ಬೇಕು, ಫೋನಲ್ಲಿ ಪ್ರಯತ್ನ ಪಟ್ರೆ ಊರಿನ ದೀಪಗಳ ನಡುವೆ ಒಂದು ಹೊಳೆಯೋ ಅಕ್ಕಿಕಾಳಷ್ಟು ಸಿಗುತ್ತೆ.

ಇಲ್ಲೇ ಲೆನ್ಸ್ ಒರೆಸಿ. ಫೋನ್ ಜೇಬಿಂದ ತೆಗೀವಾಗ ಬೆರಳು ಮೊದಲು ಬೀಳೋದು ಲೆನ್ಸ್ ಮೇಲೇನೇ, ಚುರುಮುರಿ ತಿಂದ ಕೈ ಆದ್ರೆ ಎಣ್ಣೆ ಬೇರೆ. ಹಗಲಲ್ಲಿ ಅದು ಗೊತ್ತಾಗಲ್ಲ, ರಾತ್ರಿ ಬಲ್ಬಿಂದ ಬಲ್ಬಿಗೆ ಉದ್ದ ಉದ್ದ ಬೆಳಕಿನ ಗೀರು ಬರುತ್ತೆ, ಎಲ್ಲಾ ಗೀರೂ ಒಂದೇ ದಿಕ್ಕಲ್ಲಿ ಇರುತ್ತೆ. ಹಾಗೆ ಕಂಡ್ರೆ ಸೆಟ್ಟಿಂಗ್ ಮುಟ್ಬೇಡಿ, ಬಟ್ಟೆ ತಗೊಳ್ಳಿ.

4. ಲೈಟ್ ಹತ್ತೋಕ್ ಮುಂಚೆ ಸೆಟ್ಟಿಂಗ್ ಮುಗಿಸಿ

ಆಟೋದಲ್ಲಿ ಫೋನ್ ಏನ್ ಮಾಡುತ್ತೆ ಅಂದ್ರೆ, ಫ್ರೇಮಲ್ಲಿ ಮುಕ್ಕಾಲು ಭಾಗ ಕತ್ತಲೆ ಇದೆ ಅಂತ ನೋಡಿ, ಪಾಪ ಇವ್ರಿಗೆ ಕಾಣ್ತಿಲ್ಲ ಅಂತ ಬೆಳಕು ಏರಿಸುತ್ತೆ. ಕತ್ತಲೆ ಬೂದು ಆಗುತ್ತೆ, ಬಲ್ಬು ಒಂದಕ್ಕೊಂದು ಅಂಟೋಗುತ್ತೆ. ನೈಟ್ ಮೋಡ್ ಇದನ್ನೇ ಇನ್ನೂ ಜೋರಾಗಿ ಮಾಡುತ್ತೆ. ನೀವು ಉಲ್ಟಾ ಮಾಡ್ಬೇಕು: ಬಲ್ಬಿಗೆ ತಕ್ಕ ಹಾಗೆ ಇಟ್ಟು, ಕತ್ತಲೆ ಕತ್ತಲೆಯಾಗೇ ಇರೋಕೆ ಬಿಡಬೇಕು.

ಶುರು ಮಾಡೋಕೆ ಈ ಅಂಕಿ ಇಟ್ಕೊಳ್ಳಿ, ಆಮೇಲೆ ಸ್ಕ್ರೀನ್ ನೋಡಿ ತಿದ್ದಿ (ಐಎಸ್‌ಓ ಅಂದ್ರೆ ಬೆಳಕನ್ನ ಎಷ್ಟು ಹಿಗ್ಗಿಸಿ ತೋರಿಸ್ಬೇಕು ಅನ್ನೋದು, ಶಟರ್ ಅಂದ್ರೆ ಎಷ್ಟು ಸೆಕೆಂಡ್ ಬೆಳಕು ಒಳಗೆ ಬಿಡೋದು, ಎಫ್ ಅಂದ್ರೆ ಲೆನ್ಸಿನ ಕಿಂಡಿ, ಅಂಕಿ ದೊಡ್ಡದಾದ್ರೆ ಕಿಂಡಿ ಚಿಕ್ಕದು):

- ಫೋನ್, ಪ್ರೋ ಮೋಡ್, ಕೈಯಲ್ಲಿ ಹಿಡಿದು: ಐಎಸ್‌ಓ 400, ಶಟರ್ 1/50. ಬಲ್ಬು ಅಂಟ್ಕೊಂಡ್ರೆ ಐಎಸ್‌ಓ 200.
- ಫೋನ್, ಟ್ರೈಪಾಡ್ ಮೇಲೆ: ಐಎಸ್‌ಓ 100, ಶಟರ್ 1/10, ಮೂರು ಸೆಕೆಂಡ್ ಟೈಮರ್.
- ಕ್ಯಾಮೆರಾ, ಕೈಯಲ್ಲಿ, ಜೊತೆಗೆ ಬರೋ 18-55 ಲೆನ್ಸ್: 18ರಲ್ಲಿ ಎಫ್ 3.5, ಐಎಸ್‌ಓ 1600, 1/50.
- ಕ್ಯಾಮೆರಾ, ಟ್ರೈಪಾಡ್ ಮೇಲೆ: ಐಎಸ್‌ಓ 100, ಎಫ್ 8, 2 ಸೆಕೆಂಡ್. ಎಫ್ 11ಕ್ಕೆ ಹೋದ್ರೆ 4 ಸೆಕೆಂಡ್, ಬಲ್ಬುಗಳಿಗೆ ನಕ್ಷತ್ರದ ಥರ ಮೊನೆ ಬರೋಕೆ ಶುರುವಾಗುತ್ತೆ.

ಮೇ-ಆಗಸ್ಟಲ್ಲಿ ಆಕಾಶ ಇನ್ನೂ ಬೆಳಕಿರೋವಾಗ ಇವೆಲ್ಲ ಸ್ವಲ್ಪ ಜಾಸ್ತಿ ಅನ್ಸುತ್ತೆ, ಮೊದಲ ಹತ್ತು ನಿಮಿಷ ಐಎಸ್‌ಓ ಅಥವಾ ಶಟರ್ ಸಮಯ ಅರ್ಧಕ್ಕೆ ಇಳಿಸ್ಕೊಳ್ಳಿ (1/50 ಇದ್ರೆ 1/100).

ಬಣ್ಣಕ್ಕೆ ಬಂದ್ರೆ, ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನ ಬಿಳಿ ಅಂತ ಲೆಕ್ಕ ಹಿಡಿಯೋದು ಅನ್ನೋ ಸೆಟ್ಟಿಂಗ್, ಕೆಲ್ವಿನ್ ಅಂಕೀಲಿ ಇರುತ್ತೆ) ಆಟೋದಲ್ಲಿ ಬಿಟ್ರೆ ಫೋನ್ ಒಂದೊಂದು ಫೋಟೋಗೂ ಒಂದೊಂದು ಅಭಿಪ್ರಾಯ ಹೇಳುತ್ತೆ, ಒಂದು ಕಿತ್ತಳೆ, ಮುಂದಿನದು ಬಿಳಿಚು. 3200ರಿಂದ 3500 ಕೆಲ್ವಿನ್ ಒಳಗೆ ಒಂದು ಕಡೆ ನಿಲ್ಲಿಸಿ. ಬಲ್ಬು ಹಳದಿಯಾಗೇ ಉಳಿಯುತ್ತೆ, ಆಕಾಶ ಚೆನ್ನಾಗಿ ನೀಲಿ ಆಗುತ್ತೆ. ಹಗಲಿನ ಸೆಟ್ಟಿಂಗ್, ಅಂದ್ರೆ 5500 ಹಾಕಿದ್ರೆ ಅರಮನೆ ಪೂರ್ತಿ ಕಿತ್ತಳೆ ಹಣ್ಣು.

ಪ್ರೋ ಮೋಡ್ ಇಲ್ಲದ ಫೋನ್ ಇರೋರಿಗೆ ಒಂದು ಉಪಾಯ. ಲೈಟ್ ಇನ್ನೂ ಹತ್ತಿಲ್ಲ, ಹಾಗಿದ್ರೆ ಯಾವ ಬೆಳಕಿಗೆ ಲಾಕ್ ಮಾಡೋದು? ದೂರದಲ್ಲಿ ಈಗಾಗ್ಲೇ ಹತ್ತಿರೋ ಒಂದು ದೀಪ ಹುಡುಕಿ, ಬೀದಿ ದೀಪ ಆದ್ರೂ ಸೈ. ಅದರ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಆಮೇಲೆ ಫೋನನ್ನ ಅರಮನೆ ಕಡೆ ತಿರುಗಿಸಿ. ದೀಪ ಐವತ್ತು ಅಡಿಗಿಂತ ದೂರ ಇರ್ಬೇಕು, ಯಾಕಂದ್ರೆ ಲಾಕ್ ಮಾಡಿದಾಗ ಫೋಕಸ್ಸೂ ಅಲ್ಲೇ ನಿಂತ್ಕೊಳ್ಳುತ್ತೆ, ಪಕ್ಕದ ಕಡಲೆಕಾಯಿ ಗಾಡಿ ದೀಪಕ್ಕೆ ಲಾಕ್ ಮಾಡಿದ್ರೆ ಅರಮನೆ ಮಬ್ಬಾಗಿ ಬರುತ್ತೆ. ಲಾಕ್ ಆದ್ಮೇಲೆ ಅರಮನೆ ಸ್ಕ್ರೀನಲ್ಲಿ ಹೆಚ್ಚುಕಮ್ಮಿ ಕಪ್ಪಾಗೇ ಕಾಣ್ಬೇಕು. ಕಪ್ಪಾಗಿದೆ ಅಂತ ಹೆದರಿ ಸ್ಕ್ರೀನಲ್ಲಿರೋ ಪುಟ್ಟ ಸೂರ್ಯನ್ನ ಮೇಲಕ್ಕೆ ಎಳೆದ್ರೋ, ಕೆಟ್ಟಿತು.

5. ಹತ್ತೋ ಕ್ಷಣದ ವಿಡಿಯೋ

ಇದು ಒಂದೇ ಚಾನ್ಸ್, ಅದಕ್ಕೇ ಫೋಟೋಗಿಂತ ಮೊದಲು ಇದು. ಎಲ್ಲಾ ಲೈಟೂ ಒಟ್ಟಿಗೆ ಹತ್ತುತ್ತೆ, ಎಚ್ಚರಿಕೆ ಕೊಟ್ಟು ಹತ್ತಲ್ಲ. 6:55ಕ್ಕೇ ಫೋನ್ ಸೆಟ್ ಮಾಡಿ ಕೂತ್ಕೊಳ್ಳಿ.

ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 25 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಅಂದ್ರೆ ಕರೆಂಟಿನ ದೀಪ ಸೆಕೆಂಡಿಗೆ ನೂರು ಸಲ ಮಿಡಿಯುತ್ತೆ, ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಶಟರ್ 1/50 ಅಥವಾ 1/100 ಇದ್ರೆ ಲೆಕ್ಕ ಸರಿಹೋಗುತ್ತೆ. 1/60, 1/120 ಹಾಕಿದ್ರೆ ಎಲ್‌ಇಡಿ ಬೀದಿ ದೀಪ, ಅಂಗಡಿ ದೀಪ ಎಲ್ಲಾದ್ರ ಮೇಲೂ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಹರೀತಾ ಹೋಗುತ್ತೆ. ಇದನ್ನ ನೋಡಿ ಫೋನ್ ಡಿಸ್‌ಪ್ಲೇ ಹೋಯ್ತು ಅಂತ ಸರ್ವಿಸ್ ಸೆಂಟರಿಗೆ ಹೋದವರೂ ಇದಾರೆ. ಐಫೋನಲ್ಲಿ 25 ಕಾಣ್ದೇ ಇದ್ರೆ ಸೆಟ್ಟಿಂಗ್ಸಲ್ಲಿ ಕ್ಯಾಮೆರಾ, ರೆಕಾರ್ಡ್ ವಿಡಿಯೋ, ಅಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನೋದನ್ನ ಆನ್ ಮಾಡಿ.

ಕ್ರಮ ಹೀಗೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲಾ ಸರಿಯಾಗಿ ಏಳಕ್ಕೆ ನಿಮ್ಮ ಅತ್ತೆ ಫೋನ್ ಮಾಡ್ತಾರೆ. ಎಕ್ಸ್‌ಪೋಷರ್, ಫೋಕಸ್, ಬಣ್ಣ ಮೂರೂ ಲಾಕ್. ಫೋನ್ ಒರಗಿಸಿ ಅಥವಾ ಎರಡೂ ಮೊಣಕೈ ಪಕ್ಕೆಗೆ ಒತ್ತಿ ಹಿಡೀರಿ. ಜನ ಸ್ವಲ್ಪ ಗಲಾಟೆ ಶುರು ಮಾಡಿದ್ರೆ, ಒಂದು ನಿಮಿಷ ಮುಂಚೇನೇ ರೆಕಾರ್ಡ್ ಒತ್ತಿ, ಉದ್ದ ಆದ್ರೆ ಕತ್ತರಿಸಬಹುದು. ಹತ್ತಿದ ಮೇಲೆ ಹತ್ತು ಸೆಕೆಂಡ್ ಅಲುಗಾಡಬೇಡಿ. ಝೂಮ್ ಬೇಡ, ಎಡದಿಂದ ಬಲಕ್ಕೆ ಗುಡಿಸೋದು ಬೇಡ, ನೀವು "ವಾವ್" ಅನ್ನೋದೂ ಬೇಡ, ಮೈಕ್ ನಿಮ್ಮ ಬಾಯಿ ಹತ್ರಾನೇ ಇದೆ, ಸುತ್ತ ಇರೋ ನೂರಾರು ಜನರ ದನಿ ಅದರಲ್ಲಿ ಮುಳುಗೋಗುತ್ತೆ.

ಆ ದನೀನೇ ಈ ವಿಡಿಯೋದ ಜೀವ ಕಣ್ರೀ. ಕತ್ತಲೇಲಿ ಮಕ್ಕಳು "ಇನ್ನೂ ಎಷ್ಟೊತ್ತು" ಅಂತಿರೋದು, ಯಾರೋ ಕಡಲೆಕಾಯಿ ಬಿಡಿಸ್ತಿರೋದು, ಪಟ್ ಅಂತ ಬೆಳಕು, ಒಂದು ಕ್ಷಣ ಮೌನ, ಆಮೇಲೆ "ಹೋ" ಅಂತ. ಲೈಟ್ ಬರೀ ಚಿತ್ರ, ಇದು ಸಿಕ್ಕಿದ್ರೆ ಜನ ಎರಡನೇ ಸಲ ನೋಡ್ತಾರೆ.

6. ಮೊದಲ ಹತ್ತು-ಹದಿನೈದು ನಿಮಿಷ: ಬರೀ ಫೋಟೋ

ವಿಡಿಯೋ ನಿಲ್ಲಿಸಿದ ತಕ್ಷಣ ಫೋಟೋಗೆ ಬನ್ನಿ. ಸೆಲ್ಫಿ ಆಮೇಲೆ. ಸೆಲ್ಫಿಗೆ ಲೈಟ್ ಆರೋ ತನಕ ಟೈಮ್ ಇದೆ, ಆಕಾಶಕ್ಕಿಲ್ಲ.

ಒಂದು ತೆಗೀರಿ, ಝೂಮ್ ಮಾಡಿ, ಗೋಪುರದ ಅಂಚು ನೋಡಿ. ಬಲ್ಬು ಬೇರೆ ಬೇರೆ ಇದ್ಯಾ? ಇಲ್ಲ ಅಂದ್ರೆ ಬೆಳಕು ಒಂದು ಹಂತ ಇಳಿಸಿ, ಮತ್ತೆ ತೆಗೀರಿ. ಐದು ನಿಮಿಷಕ್ಕೊಂದ್ಸಲ ಇದೇ ಪರೀಕ್ಷೆ ಮಾಡ್ತಿರಿ, ಯಾಕಂದ್ರೆ ಆಕಾಶದ ಬೆಳಕು ಇಳೀತಾ ಇರುತ್ತೆ, ಬಲ್ಬಿಂದು ಇಳಿಯಲ್ಲ. ಆಕಾಶ ಕಪ್ಪಾಗ್ತಿದೆ ಅಂತ ಬೆಳಕು ಏರಿಸ್ತಾ ಹೋದ್ರೆ ಬಲ್ಬು ಅಂಟ್ಕೊಳ್ಳುತ್ತೆ. ಹೋಗೋ ಆಕಾಶ ಹೋಗ್ಲಿ, ಬಿಡಿ.

ಈಗ ಕಣ್ಣಿಗೆ ಬೀಳೋ ತೊಂದರೆಗಳು, ಅಲ್ಲಲ್ಲೇ ಪರಿಹಾರ:

ಆಕಾಶದಲ್ಲಿ ಸಣ್ಣ ಸಣ್ಣ ಹಸಿರು ಚುಕ್ಕಿ ಸಾಲು ಕಾಣ್ತಿದ್ಯಾ? ಅದು ಬಲ್ಬುಗಳದ್ದೇ ಪ್ರತಿಬಿಂಬ, ಲೆನ್ಸ್ ಒಳಗಡೆ ತಲೆಕೆಳಗಾಗಿ ಬೀಳುತ್ತೆ, ಫ್ರೇಮಿನ ಮಧ್ಯಕ್ಕೆ ಸರಿಯಾಗಿ ಎದುರು ಬದಿಗೆ. ಒರೆಸಿದ್ರೆ ಹೋಗಲ್ಲ. ಫ್ರೇಮನ್ನ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ, ಚುಕ್ಕಿಗಳು ಓಡಾಡುತ್ತೆ. ಅವು ಅರಮನೆ ಮೇಲೇ ಬಿದ್ರೆ ಬೆಳಕಲ್ಲಿ ಮುಚ್ಚೋಗುತ್ತೆ, ಬರೀ ಆಕಾಶದಲ್ಲಿ ಬಿದ್ರೆ ಆಮೇಲೆ ಅಳಿಸೋದು ಸುಲಭ. ಗೋಪುರದ ಅಂಚಿಗೆ ತಾಗ್ಕೊಂಡ್ ಬಿದ್ರೆ ಮಾತ್ರ ತಲೆನೋವು. ಕ್ಯಾಮೆರಾದವ್ರು ಮುಂದೆ ಹಾಕಿರೋ ಫಿಲ್ಟರ್ ಬಿಚ್ಚಿ.

ಎಲ್ಲಾ ಬಲ್ಬೂ ಒಂದೇ ಥರ ಕೊಕ್ಕೆ ಅಥವಾ ಅಲ್ಪವಿರಾಮದ ಆಕಾರ ಇದ್ರೆ ಕೈ ಅಲುಗಾಡಿದೆ. ಶಟರ್ ಒತ್ತೋ ಬೆರಳಿಂದಾನೇ ಅಲುಗಾಡೋದು ಜಾಸ್ತಿ, ಟೈಮರ್ ಹಾಕಿ. ಬಲ್ಬು ದುಂಡಗೆ ದಪ್ಪ ಬೆಳಕಿನ ಬಳೆ ಆಗಿದ್ರೆ ಅದು ಫೋಕಸ್ ತಪ್ಪಿರೋದು, ಅಲುಗಾಟ ಅಲ್ಲ. ಎರಡಕ್ಕೂ ಔಷಧಿ ಬೇರೆ ಬೇರೆ, ಅದಕ್ಕೇ ಝೂಮ್ ಮಾಡಿ ನೋಡಿ ಅಂತ ಬಡ್ಕೊಳ್ಳೋದು.

ಮುಂದಿನವರ ತಲೆ ಮಾತ್ರ ಬೆಳ್ಳಗೆ ಬಂದಿದ್ರೆ ಫ್ಲ್ಯಾಶ್ ಇನ್ನೂ ಆಟೋದಲ್ಲಿದೆ. ಫೋನ್ ಫ್ಲ್ಯಾಶ್ ಹತ್ತು ಹನ್ನೆರಡು ಅಡಿ ಮುಟ್ಟಿದ್ರೆ ಹೆಚ್ಚು, ಅರಮನೆಗೆ ಅದರಿಂದ ಏನೂ ಆಗಲ್ಲ.

ಮುಂದೆ ಫೋನ್ ಎತ್ತಿ ಹಿಡ್ಕೊಂಡಿರೋ ಜನ ಅಡ್ಡ ಬರ್ತಿದ್ರೆ ಬೈಕೋಬೇಡಿ, ಅವರ ನೆರಳನ್ನೇ ಕೆಳಗಡೆ ಅಂಚಲ್ಲಿ ಉಳಿಸ್ಕೊಳ್ಳಿ, ಅಪ್ಪನ ಹೆಗಲ ಮೇಲೆ ಕೂತಿರೋ ಮಗು ಒಂದು ಸಿಕ್ಕಿದ್ರೆ ಅರಮನೆ ಎಷ್ಟು ದೊಡ್ಡದು ಅನ್ನೋದು ಫೋಟೋದಲ್ಲಿ ಆಗ್ಲೇ ಗೊತ್ತಾಗೋದು. ಮುಖ ಕಾಣೋ ಹಾಗೆ ಬೇರೆಯವರ ಮಕ್ಕಳನ್ನ ತೆಗೆಯೋದಾದ್ರೆ ಮಾತ್ರ ಅಪ್ಪ ಅಮ್ಮನ್ನ ಒಂದು ಮಾತು ಕೇಳಿ.

7. ಆಕಾಶ ಕಪ್ಪಾದ್ಮೇಲೆ

ಈಗ ಸೆಲ್ಫಿ, ಮನೆಯವ್ರ ಫೋಟೋ, ವಿಡಿಯೋ ತುಣುಕು ಎಲ್ಲ.

ಮನೆಯವ್ರನ್ನ ಅರಮನೆಗೆ ಬೆನ್ನು ಮಾಡಿ ನಿಲ್ಲಿಸಿದ್ರೆ ಮುಖ ಕತ್ತಲೆ, ಇಲ್ಲಾ ಅರಮನೆ ಬೆಳ್ಳಗೆ, ಎರಡ್ರಲ್ಲಿ ಒಂದು ಗ್ಯಾರಂಟಿ. ಅವರನ್ನ ಅರಮನೆಗೆ ಪಕ್ಕ ಮಾಡಿ ನಿಲ್ಲಿಸಿ, ಮುಖ ಅರ್ಧ ಅರಮನೆ ಕಡೆ ತಿರುಗಿರ್ಲಿ. ಅಷ್ಟು ಬಲ್ಬಿನ ಬೆಳಕು ಮುಖದ ಮೇಲೆ ಬೀಳುತ್ತೆ, ಅದೂ ಮೆತ್ತಗಿನ ಹಳದಿ ಬೆಳಕು, ಮದುವೆ ಮನೆ ಲೈಟ್‌ಬಾಯ್ ಕೂಡ ಅಷ್ಟು ಚೆನ್ನಾಗಿ ಕೊಡಲ್ಲ. ಹತ್ರ ಹೋದಷ್ಟೂ ಈ ಬೆಳಕು ಜಾಸ್ತಿ. ಅರಮನೆ ಹಿಂದುಗಡೆ ಸ್ವಲ್ಪ ಓರೆಯಾಗಿ, ಪೂರ್ತಿ ಅಲ್ದಿದ್ರೂ ಒಂದು ಭಾಗ ಬಂದ್ರೆ ಸಾಕು.

ವಿಡಿಯೋಗೆ ಬೇರೆ ಬೇರೆ ತುಣುಕು ತಗೊಳ್ಳಿ, ಒಂದೊಂದೂ ಹತ್ತು ಸೆಕೆಂಡ್: ದೂರದಿಂದ ಪೂರ್ತಿ, ಹತ್ರದಿಂದ ಕಮಾನು, ನೋಡ್ತಿರೋ ಮುಖಗಳು, ನೆಲದ ಮೇಲಿನ ಬೆಳಕು, ಪೊಲೀಸ್ ಬ್ಯಾಂಡ್ ನುಡಿಸ್ತಿದ್ರೆ ಹಿತ್ತಾಳೆ ವಾದ್ಯದ ಮೇಲೆ ಹೊಳೀತಿರೋ ಬಲ್ಬು. ಬ್ಯಾಂಡನ್ನ ಮಾತ್ರ ಹತ್ತು ಸೆಕೆಂಡಿಗೆ ನಿಲ್ಲಿಸ್ಬೇಡಿ, ಒಂದು ಹಾಡು ಪೂರ್ತಿ ರೆಕಾರ್ಡ್ ಮಾಡಿ, ಎಡಿಟ್ ಮಾಡುವಾಗ ಅದನ್ನೇ ಕೆಳಗೆ ಹಾಸಿ ಮೇಲೆ ಉಳಿದ ತುಣುಕು ಜೋಡಿಸಬಹುದು. ಗಾಳಿ ಮೈಕಿಗೆ ನೇರ ಹೊಡೀತಿದ್ರೆ ಗಾಳಿಗೆ ಬೆನ್ನು ಹಾಕಿ ನಿಲ್ಲಿ.

ನಡೀತಾ ತೆಗೆಯೋ ವಿಡಿಯೋ ಕತ್ತಲಲ್ಲಿ ಬೇಡ. ಫೋನಿನ ಸ್ಟೆಬಿಲೈಸೇಶನ್ ಚಿತ್ರಾನ ನಿಲ್ಲಿಸುತ್ತೆ, ಆದ್ರೆ ಬಲ್ಬು ಅಲ್ಲೇ ನಡುಗ್ತಾ ಇರುತ್ತೆ, ನೋಡೋರಿಗೆ ತಲೆ ತಿರುಗುತ್ತೆ. ಸ್ಕ್ರೀನ್ ನೋಡ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡೋದೂ ಬೇಡ, ಮೆಟ್ಲು ಇದೆ, ಕೂತಿರೋ ಅಜ್ಜಿಯಂದಿರಿದ್ದಾರೆ.

8. ಮನೆಗ್ ಬಂದ್ಮೇಲೆ

ಅವತ್ತೇ ರಾತ್ರಿ ಎಡಿಟ್ ಮಾಡ್ಬೇಡಿ. ಕಣ್ಣಿಗೆ ಇನ್ನೂ ಆ ಬೆಳಕು ಹತ್ಕೊಂಡಿರುತ್ತೆ, ಎಲ್ಲಾದ್ನೂ ಹೊಳೆಯೋ ಹಾಗೆ ಮಾಡ್ಬಿಡ್ತೀರ.

ಮಾರನೇ ದಿನ ಸ್ನ್ಯಾಪ್‌ಸೀಡಲ್ಲೋ ಲೈಟ್‌ರೂಮಲ್ಲೋ (ಎರಡೂ ಫೋಟೋ ತಿದ್ದೋ ಆಪ್) ತೆಗೀರಿ. ಮೊದಲು ಪರ್ಸ್‌ಪೆಕ್ಟಿವ್‌ಗೆ ಹೋಗಿ ಗೋಪುರ ನೆಟ್ಟಗೆ ಮಾಡಿ, ಯಾಕಂದ್ರೆ ಅದರಲ್ಲಿ ಅಂಚು ಕತ್ತರಿಸಿ ಹೋಗುತ್ತೆ, ಏನು ಉಳಿಯುತ್ತೆ ಅಂತ ಗೊತ್ತಾದ್ಮೇಲೇ ಉಳಿದ ಕೆಲಸ. ಆಮೇಲೆ ಹೈಲೈಟ್ಸ್ (ತುಂಬಾ ಬೆಳಕಿರೋ ಭಾಗ) ಇಳಿಸಿ, ನೆರಳು ಒಂದು ಚೂರು ಏರಿಸಿ, ಕೆಳಗೆ ನಿಂತಿರೋ ಜನ ಆಕಾರ ಬಂದ್ರೆ ಸಾಕು. ಸ್ಯಾಚುರೇಶನ್ ಮುಟ್ಟೋ ಆಸೆ ಆಗುತ್ತೆ, ಆಗ್ಲೇ ಹಳದಿ ಇರೋದಕ್ಕೆ ಇನ್ನೂ ಹಳದಿ ಸುರಿದ್ರೆ ಬಲ್ಬಿನ ನಡುವಿನ ಕಲ್ಲಿನ ಕೆತ್ತನೆ ಎಲ್ಲಾ ಮುಚ್ಚೋಗುತ್ತೆ. ಆಕಾಶದ ಹಸಿರು ಚುಕ್ಕಿ ಇದ್ರೆ ಹೀಲಿಂಗ್ ಅಲ್ಲಿ ಒಂದೊಂದಾಗಿ ಒರೆಸಿ. ಕತ್ತಲೆ ಭಾಗ ಮರಳು ಮರಳಾಗಿದ್ರೆ ನಾಯ್ಸ್ ರಿಡಕ್ಷನ್ ಕಮ್ಮೀಲೇ ನಿಲ್ಲಿಸಿ, ಜಾಸ್ತಿ ಮಾಡಿದ್ರೆ ಅರಮನೆ ಮೇಣದಲ್ಲಿ ಮಾಡಿದ ಹಾಗಾಗುತ್ತೆ.

ವಿಡಿಯೋದಲ್ಲಿ ಹತ್ತೋ ಕ್ಷಣಕ್ಕೆ ಮುಂಚಿನ ಕತ್ತಲೇನ ಪೂರ್ತಿ ಕತ್ತರಿಸ್ಬೇಡಿ, ನಾಲ್ಕೈದು ಸೆಕೆಂಡ್ ಬಿಡಿ. ಕತ್ತಲೆ ಇಲ್ದೆ ಬೆಳಕಿಗೆ ಬೆಲೆ ಇಲ್ಲ, ಮೊದಲ ಫ್ರೇಮಲ್ಲೇ ಲೈಟ್ ಹತ್ತಿದ್ರೆ ಅದು ಬರೀ ಫೋಟೋ.

ಕಳಿಸೋವಾಗ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಅದು ಕುಗ್ಗಿಸಿ ಕುಗ್ಗಿಸಿ ನೀವು ಕಷ್ಟಪಟ್ಟು ಬೇರೆ ಬೇರೆ ಇಟ್ಟ ಬಲ್ಬನ್ನೆಲ್ಲ ಮತ್ತೆ ಅಂಟಿಸುತ್ತೆ. ಅಟ್ಯಾಚ್‌ಮೆಂಟಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ನಂಗೆ ಕಳಿಸಿ "ಯಾಕ್ ಹಿಂಗ್ ಬಂತು" ಅಂತ ಕೇಳೋರೂ ಡಾಕ್ಯುಮೆಂಟಾಗೇ ಕಳಿಸಿ, ಐಎಸ್‌ಓ, ಶಟರ್ ಎಷ್ಟಿತ್ತು ಅನ್ನೋದು ಫೈಲಲ್ಲೇ ಇರುತ್ತೆ, ಊಹೆ ಮಾಡ್ಬೇಕಾಗಲ್ಲ.